ಹೊಲದ ಅತಿಥಿ

ಕೃಷಿ ಪ್ರವಾಸೋದ್ಯಮಕ್ಕಾಗಿ ಮಹಾರಾಷ್ಟ್ರ ಸರ್ಕಾರ 2020ರಲ್ಲಿ ನೀತಿಯನ್ನೇ ರೂಪಿಸಿತು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಿಗೂ ಅದು ಬಂದರೆ ಸ್ವಾಗತಾರ್ಹವೇ. ಆದರೆ ದುಡಿಮೆಯನ್ನು ಮರೆಸಿ ಹೊಲವನ್ನು ತೋರಿಸುವುದು ಸಲ್ಲದು. ಗದ್ವಾಲ ಸೀಮೆಯ ಹತ್ತಿ ಬೀಜೋತ್ಪಾದನೆಯಲ್ಲಿ ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ತೆಗೆದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸಬೇಕು. ಹೂವುಗಳ ಚಿತ್ರ ತೆಗೆದುಕೊಂಡು ಮರಳುವ ಪ್ರವಾಸಿಗೆ ಈ ಶ್ರಮ ತಿಳಿಯುವುದೇ ಇಲ್ಲ. ಆದ್ದರಿಂದ ಪ್ರವೇಶಶುಲ್ಕದಲ್ಲಿ ಜಮೀನುದಾರರಂತೆ ಕೂಲಿಕಾರರಿಗೂ ಪಾಲಿರಬೇಕು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಇಂದಿಗೂ ಬಳಕೆಯ ಮಾತು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವಾಗ ಟಿಪ್ಪಣಿ ಪುಸ್ತಕವನ್ನೂ ಒಯ್ಯಲಿ. ಕುಂಟೆ, ಕೂರಿಗೆ, ರಾಶಿಗಳ ಸುತ್ತ ಬೆಳೆದ ನುಡಿಗಟ್ಟುಗಳನ್ನು, ಕೆಲಸ ಕೆಡಿಸದೆ, ಬಿಡುವು ನೋಡಿ ಆ ದುಡಿಯುವವರಿಂದಲೇ ಕೇಳಿ ಬರೆದುಕೊಳ್ಳಲಿ.