ಕೊಳವೆಬಾವಿಯ ವರದಿ ಯಾರ ಸೊತ್ತು?

ನೀರಿನ ವರದಿಯಲ್ಲಿ ‘ಕುಡಿಯಲು ಯೋಗ್ಯ’ ಎಂದಿದ್ದರೆ ನಾವು ನಿಶ್ಚಿಂತರಾಗಿ ಬಿಡುತ್ತೇವೆ. ಆದರೆ ಪರೀಕ್ಷಿಸಿದ್ದು ಯಾವಾಗ? ಯಾವುದಕ್ಕಾಗಿ? ರೋಗಾಣುವಿಗೋ, ಫ್ಲೋರೈಡಿಗೋ, ಆರ್ಸೆನಿಕ್‌ಗೋ? ರಾಯಚೂರು ಜಿಲ್ಲೆಯ ಮಟ್ಟಿಗೆ ಇದು ಕೇಳಲೇಬೇಕಾದ ಪ್ರಶ್ನೆ.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಅದಿರಿನೊಂದಿಗೆ ಆರ್ಸೆನೋಪೈರೈಟ್ ಎಂಬ ಖನಿಜವೂ ಇದೆ. ಅದಿರನ್ನು ಅಗೆದು, ಪುಡಿ ಮಾಡಿ ಗಾಳಿ-ನೀರಿಗೆ ಒಡ್ಡಿದಾಗ ಅದರೊಳಗಿನ ಆರ್ಸೆನಿಕ್ ಕರಗತೊಡಗುತ್ತದೆ. ಗಣಿಯಿಲ್ಲದ ಕಡೆಯೂ ಇಂಥ ಶಿಲೆಗೆ ಕೊರೆದ ಬಾವಿಯು ಅದನ್ನು ಮೇಲೆತ್ತಬಲ್ಲದು. ಆದ್ದರಿಂದ ಎಲ್ಲಕ್ಕೂ ಗಣಿಯನ್ನೇ ದೂಷಿಸುವುದು ನ್ಯಾಯವಲ್ಲ. ಸಿಂಧನೂರು, ಮಸ್ಕಿಯವರು ಇದು ಹಟ್ಟಿಯವರ ಗೋಳೆಂದು ಸುಮ್ಮನಿರುವಂತೆಯೂ ಇಲ್ಲ. ಭೂವಿಜ್ಞಾನಿಗಳು ಈ ಶಿಲಾವಲಯವನ್ನು ಕರೆಯುವುದೇ ‘ಹಟ್ಟಿ-ಮಸ್ಕಿ’ ಎಂದು.

ನೆರೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ನಮ್ಮ ಕಣ್ಣೆದುರಿಗಿದೆ. ಅದರ ಸಮೀಪದ ಮಂಗಳೂರು ಚಿನ್ನದ ಗಣಿ 1990ರ ದಶಕದಲ್ಲೇ ಮುಚ್ಚಿತು. 2013ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿನ ಬಾವಿಗಳ ನೀರಿನಲ್ಲೂ ಮಣ್ಣಿನಲ್ಲೂ ಆರ್ಸೆನಿಕನ್ನು, ಬಡ ಲಂಬಾಣಿ ಕುಟುಂಬಗಳ ಮೈಮೇಲೆ ಅದರ ಗಾಯಗಳನ್ನು ಗುರುತಿಸಿತು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಕಡಲ ತೀರದ ಅಳಿವೆಗಳಲ್ಲಿ ಮಾಲಿನ್ಯ ಅಳೆಯುವವರು ನೀರನ್ನಷ್ಟೇ ನಂಬುವುದಿಲ್ಲ. ನೀರು ಅಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ತಳದ ಹೂಳು ವರ್ಷಗಳ ಲೆಕ್ಕವನ್ನಿಟ್ಟಿರುತ್ತದೆ. ಮರುವಾಯಿ, ನೀಲಿಕಲ್ಲಿನಂಥ ಚಿಪ್ಪುಜೀವಿಗಳು ವಿಷವನ್ನು ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ಅಮೇರಿಕವು 1986ರಲ್ಲಿ ಆರಂಭಿಸಿದ ಕರಾವಳಿ ನಿಗಾ ಯೋಜನೆಗೆ ಆ ಜೀವಿಯದ್ದೇ ಹೆಸರು. ನಮ್ಮಲ್ಲಿ ಕಡಲಿಲ್ಲ, ಚಿಪ್ಪೂ ಇಲ್ಲ. ಆದರೆ ಕೆರೆ, ಹಳ್ಳಗಳ ಹೂಳಿದೆ. ಭತ್ತವಿದೆ, ನಿಂತ ನೀರಿನ ಗದ್ದೆಯಲ್ಲಿ ಬೆಳೆಯುವ ಅದು ಮಣ್ಣಿನ ಆರ್ಸೆನಿಕನ್ನು ಇತರ ಧಾನ್ಯಗಳಿಗಿಂತ ಹೆಚ್ಚು ಹೀರುತ್ತದೆ. ಸಿಂಧನೂರಿನ ಅಕ್ಕಿಯಲ್ಲಿ ವಿಷವಿದೆಯೆಂದು ಇಲ್ಲಿ ಹೇಳುತ್ತಿಲ್ಲ, ಪರೀಕ್ಷಿಸದೆ ಇಲ್ಲವೆನ್ನುವುದು ಹೇಗೆಂದು ಕೇಳುತ್ತಿದ್ದೇವೆ. ಕೊನೆಗೆ ಮನುಷ್ಯರ ಕೂದಲು, ಉಗುರುಗಳೂ ಇವೆ. ಅವುಗಳಲ್ಲಿ ಕಂಡುಬರುವ ಹೊತ್ತಿಗೆ ವಿಷ ದೇಹವನ್ನು ಹೊಕ್ಕಾಗಿರುತ್ತದೆ.

ಇನ್ನು, ಪರೀಕ್ಷೆಯ ಫಲಿತಾಂಶ ಕಚೇರಿಯ ಕಡತದಲ್ಲಿದ್ದರೆ ಕೊಡ ಹೊತ್ತ ಹೆಣ್ಣಿಗೇನು ಪ್ರಯೋಜನ? ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಮಿತಿಮೀರಿದ ಕೈಪಂಪುಗಳಿಗೆ ಕೆಂಪು, ಸುರಕ್ಷಿತವಾದವುಗಳಿಗೆ ಹಸಿರು ಬಣ್ಣ ಬಳಿದರು. ಅಕ್ಷರ ಬಾರದವರಿಗೂ ಅದು ಅರ್ಥವಾಯಿತು. ನಗರಸಭೆ, ಪಂಚಾಯತ್‌ಗಳ ಬಾವಿಗಳು ಮಾತ್ರವಲ್ಲ, ಮಸೀದಿ, ಮದ್ರಸ, ಶಾಲೆಗಳ ಬಾವಿಗಳ ನೀರೂ ಬೇಸಿಗೆಗೊಮ್ಮೆ, ಮಳೆಗಾಲದ ಬಳಿಕ ಇನ್ನೊಮ್ಮೆ ಪ್ರಯೋಗಾಲಯಕ್ಕೆ ಹೋಗಬೇಕು. ಬಂದ ಅಂಕಿಯನ್ನು ದಿನಾಂಕ ಸಹಿತ ಆಯಾ ಬಾವಿಯ ಕಟ್ಟೆಯ ಮೇಲೆಯೇ ಬರೆಯಿಸಬೇಕು.