ನಕಲು ಮಾಡುವ ಗುಮಾಸ್ತ

ಐದರ ವರ್ಗ 25. ಕಂಪ್ಯೂಟರ್ 11 ಎಂದರೆ?

ಪದೇ ಪದೇ ಬೇಕಾಗುವ ಆದೇಶಗಳ ಗುಂಪಿಗೆ ಇಟ್ಟ ಒಂದು ಹೆಸರೇ ‘ಮ್ಯಾಕ್ರೊ’. ಹೆಸರು ಕಂಡಲ್ಲೆಲ್ಲ ಆ ಸಾಲುಗಳೇ ಬಂದು ಕೂರುತ್ತವೆ. ಐಬಿಎಂ 360ರ ಅಸೆಂಬ್ಲರ್‌ನಲ್ಲಿ ಮ್ಯಾಕ್ರೊ ಷರತ್ತು ನೋಡಿ ಸಾಲುಗಳನ್ನು ಆರಿಸಬಲ್ಲದು, ಬೇಕಾದಷ್ಟು ಸಲ ಮರುಕಳಿಸಬಲ್ಲದು.

‘ಸಿ’ ಭಾಷೆಯ ಮ್ಯಾಕ್ರೊ ಅರ್ಥ ನೋಡದೆ ನಕಲು ಮಾಡುವ ಗುಮಾಸ್ತ. ‘ಕ’ದ ವರ್ಗವನ್ನು ಕ×ಕ ಎಂದು ಬರೆದಿಟ್ಟು, ‘ಕ’ದ ಜಾಗದಲ್ಲಿ 2+3 ಕೊಡಿ. ಅದು 2+3×2+3 ಆಗುತ್ತದೆ. ಗುಣಾಕಾರ ಮೊದಲು, ಉತ್ತರ 11! ಆವರಣ ಹಾಕಿ (ಕ)×(ಕ) ಎಂದಿದ್ದರೆ 25 ಬರುತ್ತಿತ್ತು.

ಲಿಸ್ಪ್ ಭಾಷೆಗೆ 1963ರಲ್ಲಿ ಟಿಮೊಥಿ ಹಾರ್ಟ್ ಸೂಚಿಸಿದ ಮ್ಯಾಕ್ರೊಗೆ ಈ ತೊಡಕಿಲ್ಲ. ಅಲ್ಲಿ 2+3 ಬಿಚ್ಚದ ಒಂದೇ ಗಂಟು.

ಆವರಣ ಮರೆತವರನ್ನು ಯಂತ್ರ ಗದರಿಸುವುದಿಲ್ಲ. ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತದೆ. ಅಪಾಯ ಇರುವುದೇ ಅಲ್ಲಿ.