ಮ್ಯಾಕ್ಸ್ ಆದ ಮೇಲೆ ಎಂತ ಮಾಡೋದು?

"ಅಜ್ಜಾ, ಆಟ ಮುಗತ್ತು" ಅಂದೆ.

ಅಜ್ಜ ಕವಳದ ಬಾಯಲ್ಲೇ ತಿರುಗಿ ನೋಡಿದ. "ಈ ಮಳೇಲಿ ಎಲ್ಲಾಗಿತ್ತಾ ಆಟ? ಮಂಗ್ಳ ಹಾಡಿದ್ವನಾ?"

ತಪ್ಪು ನನ್ನದೇ. ನಮ್ಮ ಹೊನ್ನಾವರದ ಕಡೆ ಆಟ ಅಂದರೆ ಯಕ್ಷಗಾನ, ಅಷ್ಟೇ. ಉಳಿದದ್ದಕ್ಕೆಲ್ಲ ಹುಡುಗಾಟಿಕೆ ಅಂತ ಹೆಸರು. ಮಳೆಗಾಲ ಬಂದರೆ ಮೇಳಗಳು ತಿರುಗಾಟ ನಿಲ್ಲಿಸುತ್ತವೆ ಅನ್ನೋದು ಗೊತ್ತಿರುವ ಅಜ್ಜನಿಗೆ, ಜುಲೈ ತಿಂಗಳಲ್ಲಿ ಮೊಮ್ಮಗ ಜಗಲಿ ಮೇಲೆ ಕೂತು "ಆಟ ಮುಗತ್ತು" ಅಂದರೆ ತಲೆಬುಡ ಹತ್ತಬೇಕಾದರೂ ಹೇಗೆ?

ಮುಗಿದದ್ದು ನನ್ನ ಮೊಬೈಲಿನ ಆಟ. ಕ್ಲ್ಯಾಶ್ ಆಫ್ ಕ್ಲಾನ್ಸ್. ನಿಮ್ಮಲ್ಲಿ ಆಡಿದವರು ಇದ್ದೇ ಇರುತ್ತೀರಿ, ಒಪ್ಪಿಕೊಳ್ಳಲು ನಾಚಿಕೆಯಿದ್ದರೆ ಸುಮ್ಮನೆ ಮುಂದೆ ಓದಿ :-). ಆಡದವರಿಗೆ ಎರಡು ಸಾಲು: ನಿಮಗೊಂದು ಹಳ್ಳಿ ಕೊಡುತ್ತಾರೆ. ನಡುವೆ ಟೌನ್ ಹಾಲ್, ಸುತ್ತ ಗೋಡೆ, ಫಿರಂಗಿ. ಬೇರೆಯವರ ಹಳ್ಳಿ ಲೂಟಿ ಮಾಡಿ ನಿಮ್ಮ ಹಳ್ಳಿ ಕಟ್ಟಬೇಕು. ಮೇಲೆ ಹೋದಂತೆ ಒಂದೊಂದು ಕಟ್ಟಡ ಏರಿಸಲು ದಿನಗಟ್ಟಲೆ ಕಾಯಬೇಕು. ಜೊತೆಗೆ ಕ್ಲಾನ್ ಅಂತ ಒಂದು ಬಳಗ, 50 ಜನರವರೆಗೆ ಸೇರಬಹುದು. ಬಳಗಕ್ಕೂ ಬಳಗಕ್ಕೂ ಯುದ್ಧ ಬೀಳುತ್ತದೆ, ತಲಾ ಎರಡು ದಾಳಿ. ಒಬ್ಬರಿಗೊಬ್ಬರು ಸೈನ್ಯ ದಾನ ಕೊಡಬೇಕು.

2015ರಲ್ಲಿ ಭಟ್ಕಳದಲ್ಲಿ ಇಂಜಿನಿಯರಿಂಗ್ ಓದುವಾಗ ಮೂರು ಜನ ಸೇರಿ ಕ್ಲಾನ್ ಶುರು ಮಾಡಿದ್ದೆವು. ಒಬ್ಬ ಭಟ್ಕಳದವನೇ, ಒಬ್ಬ ಕುಮಟಾದವ, ನಡುವೆ ಹೊನ್ನಾವರದ ನಾನು. ಕುಮಟಾದವ ಬೆಳಿಗ್ಗೆ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಬರುತ್ತಿದ್ದ, ನಾನು ಹೊನ್ನಾವರದಲ್ಲಿ ಹತ್ತುತ್ತಿದ್ದೆ. ಶರಾವತಿ ಸೇತುವೆ ದಾಟುವಾಗ ಫೋನು ತೆಗೆದರೆ ಕಾಸರಕೋಡು, ಮಂಕಿ, ಮುರ್ಡೇಶ್ವರ, ಶಿರಾಲಿ ಎಲ್ಲ ಯಾವಾಗ ಹಿಂದೆ ಹೋದವು ಅಂತಲೇ ಗೊತ್ತಾಗುತ್ತಿರಲಿಲ್ಲ. ಚಾಟ್ ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. (ಯುನಿಕೋಡ್ ಪ್ರೇಮಿಗಳು ಕ್ಷಮಿಸಬೇಕು.) ಭಟ್ಕಳದವ ನನ್ನನ್ನು ಕರೆಯುತ್ತಿದ್ದುದು "ಭಟ್ರೇ" ಅಂತ. "ಭಟ್ರೇ, ಎರಡು ಡ್ರ್ಯಾಗನ್ ಹಾಕಿ, ಪುಣ್ಯ ಬರ್ತದೆ!"

ಓದು ಮುಗಿಯಿತು. ಭಟ್ಕಳದವ ಅಲ್ಲಿನ ಬಹಳ ಹುಡುಗರ ಹಾಗೆ ದುಬೈಗೆ ಹೋದ. ಕುಮಟಾದವ ಪುಣೆಗೆ. ನಾನು ಬೆಂಗಳೂರಿಗೆ. ಕ್ಲಾನ್ ಮಾತ್ರ ಇದ್ದಲ್ಲೇ ಇತ್ತು. ನಮ್ಮ ನಮ್ಮ ತಮ್ಮಂದಿರು, ಅವರ ಗೆಳೆಯರು, ಮಂಕಿಯ ಒಬ್ಬ ಪಿಯುಸಿ ಹುಡುಗ, ಕುಮಟಾ–ಅಂಕೋಲಾ ನಡುವೆ ಸಾಮಾನಿನ ಗಾಡಿ ಓಡಿಸುವ ಒಬ್ಬ... ಹೀಗೆ ಮೂವತ್ತು ಚಿಲ್ಲರೆ ಜನ ಆಗಿದ್ದರು.

2024ರ ಜುಲೈ ಮೊದಲ ವಾರ ನನ್ನ ಕೊನೆಯ ಗೋಡೆ ಏರಿತು. ಏರಿಸಲು ಇನ್ನೇನೂ ಉಳಿಯಲಿಲ್ಲ. ಟೌನ್ ಹಾಲ್ 16, ಮ್ಯಾಕ್ಸ್. ಬಿಲ್ಡರ್‌ಗಳಿಗೆ ಕೊಡಲು ಕೆಲಸವೇ ಇಲ್ಲ. ಒಂಬತ್ತು ವರ್ಷ! ಖುಷಿ ಆಗಬೇಕಿತ್ತು. ಆದದ್ದು ಮದುವೆ ಮುಗಿದ ಮರುದಿನ ಚಪ್ಪರ ಬಿಚ್ಚುವಾಗ ಆಗುವಂಥದ್ದು. ದುಬೈ ಗೆಳೆಯ ನನಗಿಂತ ನಾಲ್ಕು ತಿಂಗಳು ಮೊದಲೇ ಮ್ಯಾಕ್ಸ್ ಆಗಿದ್ದ. "ಮುಗೀತು ಭಟ್ರೇ, ಇನ್ನೆಂತದು?" ಅಂತ ಒಂದು ಸಾಲು ಬರೆದವ ಆಮೇಲೆ ಚಾಟಿನಲ್ಲಿ ಪತ್ತೆಯಿಲ್ಲ. ಆ ದಿನ ಅವನ ಸಾಲು ನನಗೆ ಅರ್ಥವಾಯಿತು.

ಹಾಗಾದರೆ ಮ್ಯಾಕ್ಸ್ ಆದವನು ಏನು ಮಾಡಬೇಕು?

ಕೇಳಿದರೆ ಸಲಹೆಗಳಿಗೆ ಬರ ಇಲ್ಲ. ಮೊದಲನೆಯದು, ಮುಂದಿನ ಲೆವೆಲ್ ಬರುವವರೆಗೆ ಕಾಯಿ. ಬರುತ್ತದೆ, ಖಂಡಿತ ಬರುತ್ತದೆ. 2015ರ ಡಿಸೆಂಬರಿನಲ್ಲಿ ಟೌನ್ ಹಾಲ್ 11 ಬಂತು. 2018ರಲ್ಲಿ 12, 2019ರಲ್ಲಿ 13, 2021ರಲ್ಲಿ 14, 2022ರಲ್ಲಿ 15, 2023ರ ಡಿಸೆಂಬರಿನಲ್ಲಿ 16. ನಾನು "ಮುಗತ್ತು" ಅಂದು ಐದು ತಿಂಗಳೂ ತುಂಬಿರಲಿಲ್ಲ, 2024ರ ನವೆಂಬರಿನಲ್ಲಿ 17 ಬಂತು. ಇದು ಈ ಒಂದು ಆಟದ ಕಥೆಯಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಇನ್ನೊಂದು ದೊಡ್ಡ ಆಟವಿದೆ. 2004ರಲ್ಲಿ ಅದರ ತುದಿ 60. 2007ರಲ್ಲಿ 70, 2008ರಲ್ಲಿ 80, ಹಾಗೇ ಏರುತ್ತ ಏರುತ್ತ 2018ರಲ್ಲಿ 120. ಲೆಕ್ಕ ವಿಪರೀತ ಆಯಿತೆಂದು 2020ರಲ್ಲಿ 120ರಲ್ಲಿದ್ದವರನ್ನೆಲ್ಲ 50ಕ್ಕೆ ಇಳಿಸಿ, ಹೊಸ ತುದಿಯನ್ನು 60 ಮಾಡಿದರು. ಹದಿನಾರು ವರ್ಷ ಹತ್ತಿದ ಮೇಲೆ ತುದಿ ಮತ್ತೆ ಅದೇ 60! ಮೇಲೇರುವುದೇ ಆಟ ಅಂದುಕೊಂಡವನು ಇದನ್ನೊಮ್ಮೆ ನೆನಪಿಟ್ಟುಕೊಳ್ಳಬೇಕು. ಆ ತುದಿ ನಮ್ಮದಲ್ಲ, ಅದನ್ನು ಎತ್ತುವವರೂ ಇಳಿಸುವವರೂ ಬೇರೆ.

ಎರಡನೇ ಸಲಹೆ, ಇನ್ನೊಂದು ಅಕೌಂಟ್ ತೆರೆದು ಒಂದನೇ ಲೆವೆಲ್ಲಿನಿಂದ ಶುರು ಮಾಡು. ಮಾಡಿದೆ ಕಣ್ರೀ, ಸುಳ್ಳು ಯಾಕೆ ಹೇಳಲಿ. ಮೂರು ದಿನ ಮಜಾ ಬಂತು. ನಾಲ್ಕನೇ ದಿನ, ಓದಿದ ಪತ್ತೇದಾರಿ ಕಾದಂಬರಿಯನ್ನೇ ಮತ್ತೆ ಓದಿದ ಹಾಗಾಯಿತು. ಮೂರನೇ ಸಲಹೆ, ಅಕೌಂಟ್ ಮಾರಿಬಿಡು. ಇದು ಆಟದ ನಿಯಮಕ್ಕೇ ವಿರುದ್ಧ, ಅದು ಬಿಡಿ. ಒಂಬತ್ತು ವರ್ಷದ ಗೆಳೆತನದ ಮಾತುಕತೆ ಇರುವ ಜಾಗಕ್ಕೆ ಯಾರೋ ಅಪರಿಚಿತನನ್ನು ನನ್ನ ಹೆಸರಲ್ಲಿ ಕಳಿಸಿದ ಹಾಗಲ್ಲವೇ? ನಾಲ್ಕನೆಯದು ಮನೆಯವರದ್ದು: "ಇನ್ನಾದ್ರೂ ಬಿಡು." ಇದನ್ನು ಮಾತ್ರ ನಾನು ತೆಗೆದುಹಾಕಲಾರೆ. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಮಾಡಲು ಹೊರಟಿದ್ದೆ. ಕ್ಲಾನ್ ಮುಚ್ಚಿ, ಆಟವನ್ನು ಫೋನಿನಿಂದ ತೆಗೆದು, ಊರಿನ ರಜೆ ಮುಗಿಸಿ ಬೆಂಗಳೂರಿಗೆ ಹೋಗುವುದು ಅಂತ.

ಅಷ್ಟರಲ್ಲಿ ಜುಲೈ 16 ಬಂತು.

ಅಂದು ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದದ್ದು ನಿಮಗೆಲ್ಲ ನೆನಪಿದೆ. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು, ಜನ, ಎಲ್ಲ ಮಣ್ಣಿನ ಜೊತೆ ಗಂಗಾವಳಿಗೆ ಹೋದದ್ದು. ಆಚೆ ದಡದ ಉಳುವರೆಗೂ ನೀರು ನುಗ್ಗಿದ್ದು. ಕೇರಳದ ಲಾರಿ ಚಾಲಕರೊಬ್ಬರ ದೇಹ ಸಿಗಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಅದು ದಿನಾ ಕುಮಟಾದಿಂದ ಅಂಕೋಲಾಕ್ಕೆ ಹೋಗಿಬರುವವರ ದಾರಿ. ನಮ್ಮ ಕ್ಲಾನಿನ ಗಾಡಿ ಹುಡುಗನ ದಾರಿ.

ಆ ದಿನ ನಮ್ಮ ಕ್ಲಾನಿಗೆ ಯುದ್ಧ ಇತ್ತು. ಅವನ ಎರಡು ದಾಳಿ ಬಾಕಿ. ಮಧ್ಯಾಹ್ನ ಚಾಟಿನಲ್ಲಿ ಯಾರೋ ಅವನ ಹೆಸರು ಹಾಕಿ "ಎಲ್ಲಿದ್ದೀಯಾ?" ಅಂತ ಕೇಳಿದರು. ಉತ್ತರ ಇಲ್ಲ. ಅವನ ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ! ಐದು ವರ್ಷ ದಿನಾ ಅವನಿಗೆ ಸೈನ್ಯ ಕೊಟ್ಟವನು ನಾನು, ಅವನ ಮನೆ ಯಾವ ಕೇರಿಯಲ್ಲಿ ಅಂತ ಗೊತ್ತಿಲ್ಲ. ಸಂಜೆ ಹೊತ್ತಿಗೆ, ನಾಲ್ಕು ತಿಂಗಳಿಂದ ಸುಮ್ಮನಿದ್ದ ದುಬೈ ಗೆಳೆಯ ಚಾಟಿಗೆ ಬಂದ. "ಭಟ್ರೇ, ಎಲ್ಲ ಸೇಫಾ? ಗಾಡಿಯವ ಎಲ್ಲಿ?" ಪುಣೆಯವನೂ ಬಂದ. ಯುದ್ಧದ ಕಡೆ ಯಾರೂ ನೋಡಲಿಲ್ಲ. ಸೋತೆವು, ಬಿಡಿ. ರಾತ್ರಿಯಿಡೀ ನಾವು ಮೂವರು ಒಂಬತ್ತು ವರ್ಷದಲ್ಲಿ ಮಾತಾಡದಷ್ಟು ಮಾತಾಡಿದೆವು.

ಮಾರನೇ ದಿನ ಹನ್ನೊಂದಕ್ಕೆ ಅವನ ಸಾಲು ಬಂತು. "ಅಣ್ಣ ಸಾರಿ, ಕರೆಂಟ್ ಇರ್ಲಿಲ್ಲ, ಫೋನ್ ಆಫ್. ವಾರ್ ಹೋಯ್ತಾ?" ಹಿಂದಿನ ದಿನ ಅವನು ಗಾಡಿಯನ್ನೇ ತೆಗೆದಿರಲಿಲ್ಲವಂತೆ.

ವಾರ್ ಹೋಯ್ತಾ ಅಂತೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವತ್ತೇ ಎಲ್ಲರ ನಂಬರು ಬರೆದಿಟ್ಟುಕೊಂಡೆವು.

ನನಗೆ ಅನಿಸಿದ್ದು ಇಷ್ಟು. ಲೆವೆಲ್ ಏರುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಲು ಪುರುಸೊತ್ತಿರುವುದಿಲ್ಲ. ಆಟವೇ ಒಂದರ ಹಿಂದೆ ಒಂದು ಕೆಲಸ ಹೇಳುತ್ತ ಇರುತ್ತದೆ. ಮ್ಯಾಕ್ಸ್ ಆದ ದಿನ ಅದಕ್ಕೆ ಹೇಳಲು ಕೆಲಸವಿಲ್ಲ. ಅಲ್ಲಿಯವರೆಗೆ ಜೊತೆಗೆ ಬಂದವರು ಮಾತ್ರ ಉಳಿಯುತ್ತಾರೆ. ಅವರಿಗಾಗಿ ಏನಾದರೂ ಮಾಡುವುದೇ ಆಮೇಲಿನ ಆಟ. ಅದು ಬೇಡವಾದರೆ ನಮಸ್ಕಾರ ಹೇಳಿ ಎದ್ದು ಹೋಗುವುದು ಒಳ್ಳೆಯದು.

ಇದು ನಾನೇ ಕಂಡುಹಿಡಿದದ್ದೇನಲ್ಲ. ಇಂಥ ಆಟಗಳ ಮುತ್ತಜ್ಜ ಅನ್ನಬಹುದಾದ ಮಡ್ ಅನ್ನುವ ಆಟವನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಮುಂದುವರಿಸಿದರು. ಚಿತ್ರವೇ ಇಲ್ಲ, ಬರೀ ಅಕ್ಷರ. ಅದರಲ್ಲಿ ತುದಿ ಮುಟ್ಟಿದವನು ಮಾಂತ್ರಿಕ ಆಗುತ್ತಿದ್ದ. ಅವನಿಗೆ ಮುಂದಿನ ಲೆವೆಲ್ ಇಲ್ಲ, ಬದಲಿಗೆ ಆ ಲೋಕವನ್ನೇ ಬದಲಾಯಿಸುವ ಅಧಿಕಾರ ಸಿಗುತ್ತಿತ್ತು. ಇದೇ ಬಾರ್ಟಲ್ 1996ರಲ್ಲಿ ಆಟಗಾರರನ್ನು ಇಸ್ಪೀಟಿನ ಎಲೆಗಳಂತೆ ನಾಲ್ಕು ಜಾತಿ ಮಾಡಿದರು. ಗಳಿಸುವವರು ಡೈಮನ್, ಹುಡುಕುತ್ತ ಅಲೆಯುವವರು ಇಸ್ಪೀಟು, ಜನರ ಜೊತೆಗಾಗಿ ಬಂದವರು ಆಟೀನು, ಬಡಿಯುವುದಕ್ಕೇ ಬಂದವರು ಕಳಾವರ. ಮ್ಯಾಕ್ಸ್ ಆದಾಗ ಕಂಗಾಲಾಗುವುದು ಡೈಮನ್ ಜಾತಿ. ಒಂಬತ್ತು ವರ್ಷ ನಾನು ಅದೇ ಜಾತಿ ಅಂದುಕೊಂಡಿದ್ದೆ. ಆ ರಾತ್ರಿ ನೋಡಿದರೆ ಕೈಯಲ್ಲಿದ್ದದ್ದೆಲ್ಲ ಆಟೀನು!

ಅಜ್ಜನ ಆಟದಲ್ಲೂ ಲೆವೆಲ್ಲುಗಳಿವೆ ನೋಡಿ. ಕೋಡಂಗಿ, ಬಾಲಗೋಪಾಲ ಅಂತ ಶುರುವಾಗಿ ಹಂತಹಂತವಾಗಿ ಮುಖ್ಯ ವೇಷಕ್ಕೆ ಏರಬೇಕು. ಅಲ್ಲಿ ತುದಿ ಮುಟ್ಟಿದವರು ಏನು ಮಾಡಿದರು? ನಮ್ಮ ತಾಲೂಕಿನಲ್ಲೇ ಎರಡು ಉತ್ತರ ಇವೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಇನ್ನು ಏರಲು ಏನಿತ್ತು? ಆದರೂ ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟುತ್ತಲೇ ಇದ್ದರು. ಕುಣಿಯುವುದೇ ಅವರಿಗೆ ಬೇಕಿದ್ದದ್ದು. ಇನ್ನೊಂದು ಉತ್ತರ ಕೆರೆಮನೆ ಶಂಭು ಹೆಗಡೆಯವರದ್ದು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಹೆಸರು ಮಾಡಿ, 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದರು. ತಾನು ಕುಣಿಯುವುದನ್ನು ಬಿಡಲಿಲ್ಲ, ಎಳೆಯರ ಕಾಲಿಗೂ ಹೆಜ್ಜೆ ಹಾಕಿಸಿದರು. ಮೊಬೈಲ್ ಆಟವನ್ನು ಆ ಕಲೆಗೆ ಹೋಲಿಸುತ್ತಿದ್ದೇನೆ ಅಂತ ಯಾರೂ ದೊಣ್ಣೆ ಹಿಡಿದು ಬರಬೇಡಿ. ತುದಿ ಮುಟ್ಟಿದವನ ಪಾಡು ಎಲ್ಲ ಕಡೆ ಒಂದೇ ಅಂತಷ್ಟೇ ನನ್ನ ಮಾತು.

ಈಗ ನೀವು ಕೇಳಬಹುದು, ಇದೆಲ್ಲ ಆಟ ಬಿಡಲಾಗದವನ ನೆಪ ಅಲ್ಲವೇ ಅಂತ. ನಾನೂ ನನ್ನನ್ನು ಕೇಳಿಕೊಂಡೆ. ಅದಕ್ಕೆ ನನ್ನದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನವೆಂಬರಿನಲ್ಲಿ ಟೌನ್ ಹಾಲ್ 17 ಬಂದಾಗ ಆ ಏರಿಸುವ ಬಟನ್ ನಾನು ಒತ್ತಲಿಲ್ಲ. ಇವತ್ತಿಗೂ ಒತ್ತಿಲ್ಲ. ನನ್ನ ಹಳ್ಳಿ 16ರಲ್ಲೇ ಇದೆ. ದಿನಕ್ಕೆ ಹದಿನೈದು ನಿಮಿಷ ಹೋಗುತ್ತೇನೆ. ಕೇಳಿದವರಿಗೆ ಸೈನ್ಯ ಕೊಡುತ್ತೇನೆ. ಕ್ಲಾನಿನವರೇ ಒಬ್ಬರ ಹಳ್ಳಿ ಮೇಲೆ ಒಬ್ಬರು ಖರ್ಚಿಲ್ಲದೆ ದಾಳಿ ಮಾಡಿ ಕಲಿಯುವ ಸವಾಲು ಅಂತ ಒಂದಿದೆ, 2016ರಲ್ಲಿ ಬಂದದ್ದು. ಅದರಲ್ಲಿ ಹೊಸಬರಿಗೆ ನನ್ನ ಹಳ್ಳಿ ಕೊಟ್ಟು ಬಡಿಸಿಕೊಳ್ಳುತ್ತೇನೆ. ನಾಯಕತ್ವವನ್ನು ಮಂಕಿಯ ಹುಡುಗನಿಗೆ ಕೊಟ್ಟೆ. ಮೊದಲ ವಾರ ಅವನು ಮೂರು ತಪ್ಪು ಮಾಡಿದ, ಬಾಯಿ ಮುಚ್ಚಿಕೊಂಡಿದ್ದೆ. ಇದು ಗೋಡೆ ಏರಿಸುವುದಕ್ಕಿಂತ ಕಷ್ಟದ ಕೆಲಸ, ನಂಬಿ. ಪರೀಕ್ಷೆ, ಆಫೀಸು, ಮನೆ ಕೆಲಸ ಹಾಳಾಗುವಷ್ಟು ಆಡುವವರಿಗೆ ಮಾತ್ರ ನನ್ನ ಉತ್ತರ ಬೇರೆ: ಮ್ಯಾಕ್ಸ್ ಆಗುವವರೆಗೂ ಕಾಯಬೇಡಿ, ಇವತ್ತೇ ಎದ್ದುಬಿಡಿ. ಇನ್ನು ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿ ನಿಷೇಧಿಸಿದೆ. ಅದರ ಸುದ್ದಿ ಇಲ್ಲಿ ಬೇಡ.

ದುಬೈ ಗೆಳೆಯ ಈಗ ಶುಕ್ರವಾರ ಶುಕ್ರವಾರ ಫೋನ್ ಮಾಡುತ್ತಾನೆ. ಆಟದ ಮಾತು ಎರಡು ನಿಮಿಷ, ಊರಿನ ಮಾತು ಅರ್ಧ ಗಂಟೆ. ಕಳೆದ ಬೇಸಿಗೆ ರಜೆಗೆ ಬಂದಾಗ ಭಟ್ಕಳದ ಹಲ್ವಾ ಹಿಡಿದುಕೊಂಡು ನಮ್ಮನೆಗೇ ಬಂದಿದ್ದ. ಕುಮಟಾದಿಂದ ಗಾಡಿ ಹುಡುಗನೂ ಬಂದ, ಅಲ್ಲಿನ ಸಿಹಿ ಈರುಳ್ಳಿಯ ಒಂದು ಜಡೆ ಹೊತ್ತುಕೊಂಡು. ನಾನು ಅವನ ಮುಖ ನೋಡಿದ್ದು ಅವತ್ತೇ ಮೊದಲು.

ಮೂವರೂ ಜಗಲಿಯಲ್ಲಿ ಕೂತು ಹರಟುವಾಗ ಅಜ್ಜ ಕೇಳಿದ, "ಇವೆಲ್ಲ ಯಾವ ಮೇಳದವ್ವಾ?"

"ನಮ್ದೇ ಮೇಳ ಅಜ್ಜಾ" ಅಂದೆ.

"ಹಂಗಾರೆ ಆಟ ಮುಗತ್ತು ಅಂದಿದ್ದೆ?"

ಮಂಗಳ ಇನ್ನೂ ಹಾಡಿಲ್ಲ ಅಂತ ಹೇಳಿದೆ. ಅಜ್ಜನಿಗೆ ಅರ್ಥವಾಯಿತೋ ಇಲ್ಲವೋ, ಕವಳದ ಬಟ್ಟಲನ್ನಂತೂ ಮೂವರ ಕಡೆಗೂ ಸರಿಸಿದ.

ನಿಮ್ಮ ಕಥೆ ಏನು? ನಿಮ್ಮಲ್ಲಿ ಯಾರಾದರೂ ಮ್ಯಾಕ್ಸ್ ಆಗಿದ್ದೀರಾ? ಆಮೇಲೆ ಎಂತ ಮಾಡಿದಿರಿ? ಬರೆಯಿರಿ. ಅದಕ್ಕೂ ಮೊದಲು, ನಿಮ್ಮ ಬಳಗದಲ್ಲಿ ದಿನಾ ಕಾಣುವ ಯಾರ ಫೋನ್ ನಂಬರು ನಿಮ್ಮ ಬಳಿ ಇಲ್ಲ ಅಂತ ಒಮ್ಮೆ ನೋಡಿಕೊಳ್ಳಿ.